ಒಂದೇ ಗುಳಿಗೆ ಸಾಕು ಅನ್ನುವವರಿಗೆ: ಉಚ್ಚೆ ಮಾತ್ರೆ ಬೇರೆಯೇ ಇರಲಿ

ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಬೆಳಿಗ್ಗೆಯೇ ಬಂದು ಸಾಲು ಹಿಡಿಯುವವರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ ಕಡೆಯವರು ಬಹಳ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಒಳಗೆ ಮಡಚಿ ಮಡಚಿ ಸವೆದ ಚೀಟಿ, ಎಕೋ ರಿಪೋರ್ಟು, ಅರ್ಧಂಬರ್ಧ ಖಾಲಿಯಾದ ಏಳೆಂಟು ಸ್ಟ್ರಿಪ್ಪು. ‘ಎಲ್ಲಾ ಸೇರ್ಸಿ ಒಂದೇ ಗುಳ್ಗೆ ಮಾಡ್ಕೊಟ್ಬುಡಿ ಸಾ’ ಅನ್ನುವ ಮಾತೂ ಆ ಕವರಿನ ಜೊತೆಗೇ ಬರುತ್ತದೆ.

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಂಶೋಧಕರೂ ಔಷಧ ಕಂಪನಿಗಳೂ ಅದೇ ದಾರಿ ಹಿಡಿದಿದ್ದಾರೆ. ತೊಡಕು ಇರುವುದು ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಅನ್ನುವಲ್ಲಿ. ದಿನಕ್ಕೆ ಎಷ್ಟು ಮಾತ್ರೆ ಅನ್ನುವ ಲೆಕ್ಕ ರೋಗಿಗೆ ಇದ್ದೇ ಇರುತ್ತದೆ. ಅದರ ಜೊತೆ, ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕವೂ ಇರುತ್ತದೆ: ಇವತ್ತು ಯಾವುದನ್ನು ಬಿಟ್ಟರೆ ನಡೆದೀತು? ಮಾತ್ರೆಗಳನ್ನು ಒಟ್ಟುಗೂಡಿಸಿದರೆ ಈ ಎರಡನೇ ಲೆಕ್ಕ ತಲೆಕೆಳಗಾಗುತ್ತದೆ. ಕೆಲವು ಔಷಧಗಳ ವಿಷಯದಲ್ಲಿ ಅದರಿಂದ ಒಳ್ಳೆಯದೇ ಆಗುತ್ತದೆ. ಒಂದರ, ಅಂದರೆ ನೀರಿಳಿಸುವ ಉಚ್ಚೆ ಮಾತ್ರೆಯ ವಿಷಯದಲ್ಲಿ ಮಾತ್ರ ಕೆಡುಕೇ ಹೆಚ್ಚು. ನಮ್ಮ ಅಂಗಡಿಗಳಲ್ಲಿ ಬಹುಕಾಲದಿಂದ ಬಿಕರಿಯಾಗುತ್ತಿರುವ ಜೋಡಿ ಮಾತ್ರೆಯಲ್ಲಿ ಇರುವುದೂ ಅದೇ ಔಷಧ.

ನಾಲ್ಕು ಕಂಬ, ಒಂದು ಉಚ್ಚೆ ಮಾತ್ರೆ

ಪುಸ್ತಕದಲ್ಲಿ ‘ಹೃದಯ ವೈಫಲ್ಯ’ ಎಂದಿರುವುದನ್ನು ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ‘ಪಂಪಿಂಗ್ ಕಮ್ಮಿ ಅದಂತೆ, ಎಕೋದಲ್ಲಿ ಮೂವತ್ತು ಬಂದದೆ’ ಅನ್ನುತ್ತಾರೆ. ವಿವರಣೆಯಾಗಿ ಇದೇ ಮೇಲು, ಏಕೆಂದರೆ ವೈಫಲ್ಯ ಎಂದೊಡನೆ ಹೃದಯ ನಿಂತೇಹೋಯಿತೇನೋ ಎಂಬ ಭಯ ಹುಟ್ಟುತ್ತದೆ. ಆ ಮೂವತ್ತು ಅಂದರೆ ಇಎಫ್, ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಬೀಳುವ ಪಾಲು. ಆರೋಗ್ಯವಂತರಲ್ಲಿ ಇದು ಸುಮಾರು 55ಕ್ಕಿಂತ ಹೆಚ್ಚು. 40 ಅಥವಾ ಅದಕ್ಕಿಂತ ಕಡಿಮೆ ಇದ್ದವರ ಬಗ್ಗೆ ಇಲ್ಲಿ ಬರೆದಿರುವುದು. ಇಎಫ್ ಚೆನ್ನಾಗಿದ್ದೂ ಉಸಿರು ಕಟ್ಟುವವರ ಚಿಕಿತ್ಸೆ ಬೇರೆ ಬಗೆಯದು.

ಯೂರೋಪಿನ 2021ರ ಮತ್ತು ಅಮೆರಿಕದ 2022ರ ಮಾರ್ಗಸೂಚಿಗಳು ಇಂಥವರಿಗೆ ನಾಲ್ಕು ಬಗೆಯ ಔಷಧ ಒಟ್ಟಿಗೆ ಬೇಕು ಅನ್ನುತ್ತವೆ. ಸಕ್ಯುಬಿಟ್ರಿಲ್–ವಲ್ಸಾರ್ಟನ್, ದಿನಕ್ಕೆರಡು ಬಾರಿ. ಮೆಟೊಪ್ರೊಲಾಲ್ ಸಕ್ಸಿನೇಟ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಈ ಮೂರರಲ್ಲೊಂದು ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಔಷಧ. ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ಕೊನೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್, ಎರಡೂ 10 ಮಿ.ಗ್ರಾಂ. ಸಕ್ಕರೆ ಕಾಯಿಲೆ ಇರಲಿ ಬಿಡಲಿ, ನಾಲ್ಕನೆಯದು ಬೇಕು. ಈ ನಾಲ್ಕೂ ಆಯಸ್ಸು ಹೆಚ್ಚಿಸುವಂಥವು. ಐದನೆಯದಾದ ಉಚ್ಚೆ ಮಾತ್ರೆ, ಅಂದರೆ ಟಾರ್ಸೆಮೈಡ್ ಅಥವಾ ಫ್ಯುರೋಸೆಮೈಡ್, ಕಾಲಿನ ಬಾವು ಇಳಿಸಿ ಉಸಿರಾಟ ಹಗುರ ಮಾಡುತ್ತದೆ. ಆಯಸ್ಸು ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆದರೆ ನುಂಗಿದ ಗಂಟೆಯೊಳಗೆ ಕೆಲಸ ಕಾಣಿಸುವುದು ಇದೊಂದೇ. ಹಾಗಾಗಿ ‘ಕೆಲಸ ಮಾಡೋ ಮಾತ್ರೆ’ ಎಂಬ ಬಿರುದು ಇದಕ್ಕೆ ಸಿಕ್ಕಿದೆ, ಉಳಿದ ನಾಲ್ಕು ಸುಮ್ಮನೆ ಬರೆದುಕೊಟ್ಟವು ಅನ್ನಿಸಿಕೊಂಡಿವೆ.

ದೇಶದಲ್ಲಿ ಈ ನಾಲ್ಕು ಸರಿಯಾಗಿ ಎಲ್ಲರಿಗೂ ತಲುಪುತ್ತಿಲ್ಲ. 53 ಆಸ್ಪತ್ರೆಗಳ 10,851 ರೋಗಿಗಳನ್ನು ಒಳಗೊಂಡ ರಾಷ್ಟ್ರೀಯ ನೋಂದಣಿಯಲ್ಲಿ, ಇಎಫ್ ಕಡಿಮೆ ಇದ್ದವರ ಪೈಕಿ ಮಾರ್ಗಸೂಚಿಯಂತೆ ಔಷಧ ಪಡೆಯುತ್ತಿದ್ದವರು ಅರ್ಧಕ್ಕಿಂತ ಕಡಿಮೆ.

ಹನ್ನೊಂದರ ಲೆಕ್ಕ

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಪಂಪಿಂಗ್ ಮೂವತ್ತಕ್ಕಿಳಿದ, ಶುಗರ್ ಕೂಡ ಇರುವ ಒಬ್ಬರ ಚೀಟಿ ಹೀಗಿರುತ್ತದೆ ಅಂದುಕೊಳ್ಳಿ. ಸಕ್ಯುಬಿಟ್ರಿಲ್–ವಲ್ಸಾರ್ಟನ್ 1-0-1. ಮೆಟೊಪ್ರೊಲಾಲ್ 1-0-0. ಟಾರ್ಸೆಮೈಡ್–ಸ್ಪೈರೊನೊಲ್ಯಾಕ್ಟೋನ್ ಜೋಡಿ 1-0-0. ಡಾಪಾಗ್ಲಿಫ್ಲೋಜಿನ್ 1-0-0. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಒಂದೊಂದು. ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಮೆಟ್‌ಫಾರ್ಮಿನ್ 500 ಬೆಳಿಗ್ಗೆ–ರಾತ್ರಿ. ದಿನಕ್ಕೆ ಹನ್ನೊಂದು.

ಎಣಿಕೆಗಿಂತ ಹೆಚ್ಚು ಕಾಡುವುದು ಸ್ಟ್ರಿಪ್ಪಿನ ಅಳತೆ. ಒಂದರಲ್ಲಿ 10 ಮಾತ್ರೆ, ಇನ್ನೊಂದರಲ್ಲಿ 14, ಮತ್ತೊಂದರಲ್ಲಿ 15. ಒಂದನೇ ತಾರೀಕು ಎಲ್ಲವನ್ನೂ ಒಂದೊಂದು ಸ್ಟ್ರಿಪ್ ಕೊಂಡರೆ, ದಿನಕ್ಕೆರಡು ನುಂಗುವ 14ರ ಸ್ಟ್ರಿಪ್ ಏಳಕ್ಕೇ ಮುಗಿಯುತ್ತದೆ, ಬೇರೊಂದು ಹತ್ತಕ್ಕೆ, ಉಳಿದವು ಹದಿನೈದಕ್ಕೆ. ಪ್ರತಿ ಸಲ ಪೇಟೆಗೆ ಯಾರು ಹೋಗುತ್ತಾರೆ? ‘ಉಳಿದವು ಅವೆಯಲ್ಲ, ಸಂತೆ ದಿನ ತಂದರಾಯಿತು’ ಎಂದು ನಾಲ್ಕು ದಿನ ಕಳೆದುಹೋಗುತ್ತದೆ. ಔಷಧ ತಪ್ಪುವುದಕ್ಕೆ ಮರೆವು ಕಾರಣ ಎಂದು ಬರೆಯುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಚೀಟಿಯಲ್ಲಿ ಎಷ್ಟು ದಿನಕ್ಕೆ ಎಂದು ಬರೆಸಿ, ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿಯಾದರೂ ಎಲ್ಲವನ್ನೂ ಮೂವತ್ತೇ ದಿನಕ್ಕೆ ಕೊಂಡರೆ ಈ ಕಾಟ ಅರ್ಧ ತೀರುತ್ತದೆ. ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ತಾರೀಕು ಇರುವ ತುಂಡನ್ನೇ ಕೇಳಿ ಪಡೆಯಿರಿ.

ಇನ್ನು ಜನ ಹೇಳುವ ಮಾತುಗಳು. ‘ಇಷ್ಟೊಂದು ಮಾತ್ರೆ ನುಂಗಿದ್ರೆ ಕಿಡ್ನಿ ಉಳೀತದ?’ ಎಂದು ಕೇಳುವವರಿಗೆ ಒಂದೇ ಗುಳಿಗೆ ಕೊಟ್ಟರೆ ಸಮಾಧಾನ, ಒಳಗಿರುವ ಮಿಲಿಗ್ರಾಂ ಅಷ್ಟೇ ಇದ್ದರೂ. ಅದೇ ಬೀದಿಯ ಇನ್ನೊಬ್ಬರು ‘ಮೂರು ಔಷಧ ಒಂದರಲ್ಲೇ ಅಂದ್ರೆ ಪವರ್ ಜಾಸ್ತಿ, ಹೀಟ್ ಆಯ್ತದೆ’ ಎಂದು ದಿನ ಬಿಟ್ಟು ದಿನ ನುಂಗುತ್ತಾರೆ. ಡಾಪಾಗ್ಲಿಫ್ಲೋಜಿನ್‌ದು ಬೇರೆಯೇ ಪಾಡು. ಅಂಗಡಿಯವರು ಅಭ್ಯಾಸಬಲದಿಂದ ‘ಇದು ಶುಗರ್ ಮಾತ್ರೆ’ ಎಂದುಬಿಡುತ್ತಾರೆ. ‘ನಂಗೆ ಶುಗರ್ರೇ ಇಲ್ವಲ್ಲ’ ಎಂದು ರೋಗಿ ಅದನ್ನು ಪಕ್ಕಕ್ಕಿಡುತ್ತಾನೆ. ಬೇರೊಂದರ ಜೊತೆ ಸೇರಿದ್ದರೆ ಈ ಗೊಂದಲವೇ ಏಳುವುದಿಲ್ಲ. ಜೋಡಿ ಮಾತ್ರೆಯ ಪರವಾಗಿ ನನಗೆ ಒಪ್ಪಿಗೆಯಾಗುವ ವಾದಗಳಲ್ಲಿ ಇದೂ ಒಂದು.

ಅಡ್ಡಪರಿಣಾಮ ಬಂದಾಗ ವಾದ ತಿರುಗುತ್ತದೆ. ಸ್ಪೈರೊನೊಲ್ಯಾಕ್ಟೋನ್ ಗಂಡಸರಲ್ಲಿ ಮೊಲೆ ನೋವು, ಮೊಲೆ ಉಬ್ಬು ತರಬಹುದು. 1999ರ ಪ್ರಸಿದ್ಧ ಪರೀಕ್ಷೆಯಲ್ಲಿ ಇದು ಹತ್ತು ಗಂಡಸರಲ್ಲಿ ಒಬ್ಬರಿಗೆ ಕಾಣಿಸಿತ್ತು. ಹೇಳಿಕೊಳ್ಳಲು ನಾಚಿಕೆ, ಹಾಗಾಗಿ ಸದ್ದಿಲ್ಲದೆ ನಿಲ್ಲಿಸುತ್ತಾರೆ. ಮಾತ್ರೆ ಒಂಟಿಯಾಗಿದ್ದರೆ ಅದನ್ನು ತೆಗೆದು ಎಪ್ಲೆರಿನೋನ್ ಕೊಡಬಹುದು. ಮೂರು ಸೇರಿದ್ದರೆ ಮೂರೂ ನಿಂತಂತೆ. ಡಾಪಾಗ್ಲಿಫ್ಲೋಜಿನ್‌ನಿಂದ ಬರುವ ಗುಪ್ತಾಂಗದ ತುರಿಕೆಯದೂ ಇದೇ ಕಥೆ: ಚಿಕ್ಕ ತೊಂದರೆ, ಶುಚಿತ್ವಕ್ಕೂ ಮುಲಾಮಿಗೂ ಬಗ್ಗುವಂಥದ್ದು, ಆದರೆ ಬಾಯಿಬಿಡದ ಕಾರಣ ದೊಡ್ಡದಾಗುತ್ತದೆ.

ಬಸ್ಸು ಹತ್ತುವ ದಿನ

ಟಾರ್ಸೆಮೈಡ್ ನುಂಗಿದ ಗಂಟೆಯೊಳಗೆ ಉಚ್ಚೆ ಶುರು. ಒಂದೆರಡು ಗಂಟೆಯಲ್ಲಿ ಅದು ಜೋರು, ಆರೆಂಟು ಗಂಟೆ ಪ್ರಭಾವ. ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ ಮಳವಳ್ಳಿಯಲ್ಲಿ ಮೈಸೂರು ಬಸ್ಸು ಹತ್ತಿದ ಹೆಂಗಸಿನ ಪರಿಸ್ಥಿತಿ ಊಹಿಸಿಕೊಳ್ಳಿ. ಶಕ್ತಿ ಯೋಜನೆಯಿಂದ ಟಿಕೆಟ್ಟಿನ ದುಡ್ಡು ಉಳಿಯಿತು. ಬಸ್ಸಿನಲ್ಲಿ ಶೌಚಾಲಯವಂತೂ ಇಲ್ಲ. ಕಬ್ಬಿನ ಗದ್ದೆಗೆ, ಭತ್ತದ ನಾಟಿಗೆ ಹೋಗುವವರದೂ ಇದೇ ಕಷ್ಟ. ಮದುವೆ, ತಿಥಿ, ಕೋರ್ಟು, ಆಸ್ಪತ್ರೆ, ಹೊರಗೆ ಹೋಗುವ ದಿನವೆಲ್ಲ ಉಚ್ಚೆ ಮಾತ್ರೆಗೆ ರಜೆ. ತಿಂಗಳಿಗೆ ಆರೆಂಟು ದಿನ ಹೀಗೇ ಹೋಗುತ್ತದೆ.

ರಜೆ ಟಾರ್ಸೆಮೈಡ್‌ಗೆ ಮಾತ್ರ ಆಗಿದ್ದರೆ ಸಂಜೆಗೆ ಸರಿಪಡಿಸಬಹುದಿತ್ತು. ಆದರೆ ಚೀಟಿಯಲ್ಲಿರುವುದು ಜೋಡಿ: ಟಾರ್ಸೆಮೈಡ್ 10 ಜೊತೆಗೆ ಸ್ಪೈರೊನೊಲ್ಯಾಕ್ಟೋನ್ 50 ಅಥವಾ 25, ಇಲ್ಲವೇ ಫ್ಯುರೋಸೆಮೈಡ್ 20 ಜೊತೆಗೆ ಸ್ಪೈರೊನೊಲ್ಯಾಕ್ಟೋನ್ 50. ಬಸ್ಸಿನ ಕಾರಣಕ್ಕೆ ನೀರಿಳಿಸುವ ಮಾತ್ರೆ ಬಿಟ್ಟವರು, 1999ರ ಅದೇ ಪರೀಕ್ಷೆಯಲ್ಲಿ ಸಾವಿನ ಅಪಾಯವನ್ನು ಶೇ 30ರಷ್ಟು ತಗ್ಗಿಸಿದ್ದ ಸ್ಪೈರೊನೊಲ್ಯಾಕ್ಟೋನನ್ನೂ ಗೊತ್ತಿಲ್ಲದೆ ಬಿಡುತ್ತಾರೆ. ಈ ಜೋಡಿಗೆ ಹಿಂದಿನಿಂದ ಒಂದು ಸಮರ್ಥನೆ ಇದೆ: ಒಂದು ಪೊಟ್ಯಾಸಿಯಂ ಕಳೆಯುತ್ತದೆ, ಇನ್ನೊಂದು ಉಳಿಸುತ್ತದೆ, ಸರಿದೂಗುತ್ತದೆ. ನಾಲ್ಕು ಔಷಧಗಳ ಈ ಕಾಲದಲ್ಲಿ ಆ ತಕ್ಕಡಿ ಹಾಗೆ ನಿಲ್ಲುವುದಿಲ್ಲ, ಸಕ್ಯುಬಿಟ್ರಿಲ್–ವಲ್ಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುವುದರಿಂದ.

ಎರಡನೇ ತೊಂದರೆ ಡೋಸಿನದು. ಉಚ್ಚೆ ಮಾತ್ರೆ ಎಂಬುದು ತೂಕ ನೋಡಿ ಹೆಚ್ಚುಕಡಿಮೆ ಮಾಡಬೇಕಾದದ್ದು. ಬೆಳಿಗ್ಗೆ ಉಚ್ಚೆ ಹೊಯ್ದು, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಗಿದಾಗ ಮೂರು ದಿನದಲ್ಲಿ 2 ಕಿಲೋ ಏರಿದ್ದರೆ ಅದು ನೀರು, ಕೊಬ್ಬಲ್ಲ. ಆಗ ಡೋಸು ಹೆಚ್ಚಿಸಬೇಕು. ‘ಎರಡು ದಿನ ಎರಡೆರಡು ತಗೊಳ್ಳಿ’ ಎಂದು ಯಾರೋ ಫೋನಿನಲ್ಲಿ ಹೇಳುತ್ತಾರೆ. ಟಾರ್ಸೆಮೈಡ್ 10 ಇದ್ದದ್ದು 20 ಆಯಿತು, ಸರಿ. ಜೋಡಿಯಲ್ಲಿದ್ದ ಸ್ಪೈರೊನೊಲ್ಯಾಕ್ಟೋನ್ 50 ಇದ್ದದ್ದು 100 ಆಯಿತಲ್ಲ! ಹೃದಯಕ್ಕೆ ಅದನ್ನು ಶುರು ಮಾಡುವುದೇ 12.5 ಅಥವಾ 25ರಲ್ಲಿ, ಗುರಿ 50. ಬಾವು ಇಳಿದ ಮೇಲೆ ಉಚ್ಚೆ ಮಾತ್ರೆ ನಿಲ್ಲಿಸಿದಾಗ ಉಲ್ಟಾ ಆಗುತ್ತದೆ: ನಿಲ್ಲಬಾರದ ಸ್ಪೈರೊನೊಲ್ಯಾಕ್ಟೋನ್ ಕೂಡ ನಿಲ್ಲುತ್ತದೆ.

ಇದಕ್ಕೆ ಮಂಡ್ಯದ ಎಳನೀರು ಸೇರಿಕೊಳ್ಳುತ್ತದೆ. ಮದ್ದೂರಿನ ಮಾರುಕಟ್ಟೆಯಿಂದ ದೇಶಕ್ಕೆಲ್ಲ ಎಳನೀರು ಹೋಗುವ ಸೀಮೆ ಇದು. ಮನೆಯಲ್ಲಿ ಕಾಯಿಗೆ ಬರವಿಲ್ಲ. ಮಾತ್ರೆ ನುಂಗಿ ಹೀಟಾಗಿದೆ ಎಂದವರಿಗೆ ಮೊದಲು ಸಿಗುವ ಸಲಹೆಯೇ ಎಳನೀರು. 100 ಮಿ.ಲೀ.ನಲ್ಲಿ 200ರಿಂದ 250 ಮಿ.ಗ್ರಾಂ ಪೊಟ್ಯಾಸಿಯಂ, ಒಂದು ಕಾಯಿಯಲ್ಲಿ 300 ಮಿ.ಲೀ. ಇದ್ದರೆ 600ರ ಮೇಲೆ. ದಿನಕ್ಕೆರಡು ಕಾಯಿ, ಮೇಲೆ ಉಪ್ಪು ಕಮ್ಮಿ ಮಾಡಲು ತಂದ ‘ಲೋ ಸೋಡಿಯಂ’ ಉಪ್ಪು, ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಹೀಗೆ ಏರಿದ ಪೊಟ್ಯಾಸಿಯಂ ಬಹುಪಾಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. ನಿಶ್ಶಕ್ತಿ, ನಿಧಾನವಾದ ನಾಡಿ ಕಾಣುವ ಹೊತ್ತಿಗೆ ಅಪಾಯ ಬಾಗಿಲಲ್ಲಿರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಶುರುವಾದ ಅಥವಾ ಡೋಸು ಬದಲಾದ ಒಂದು ವಾರದ ಮೇಲೆ ಒಮ್ಮೆ, ನಾಲ್ಕು ವಾರದ ಮೇಲೆ ಇನ್ನೊಮ್ಮೆ ರಕ್ತದ ಪೊಟ್ಯಾಸಿಯಂ ಮತ್ತು ಕಿಡ್ನಿ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿಸಬೇಕು. ಪೊಟ್ಯಾಸಿಯಂ 5.5 ದಾಟಿದರೆ ಡೋಸು ಅರ್ಧ, 6 ದಾಟಿದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ. ಮುದ್ದೆ, ಸೊಪ್ಪುಸಾರು ಬಿಡಬೇಕಿಲ್ಲ. ಉಪ್ಸಾರಿನ ಖಾರ, ಉಪ್ಪಿನಕಾಯಿ, ಹಪ್ಪಳಕ್ಕೆ ಕಡಿವಾಣ ಬೇಕು, ಉಪ್ಪಿನ ಕಾರಣಕ್ಕೆ.

ಮೂರನ್ನು ಸೇರಿಸಿದರೆ ಎಷ್ಟು ಬಗೆ

ಒಂದೇ ಗುಳಿಗೆಯ ಕಲ್ಪನೆ ಹೊಸತಲ್ಲ. 2003ರಲ್ಲಿ ಬ್ರಿಟನ್ನಿನ ವಾಲ್ಡ್ ಮತ್ತು ಲಾ ‘ಪಾಲಿಪಿಲ್’ ಅನ್ನು ಮುಂದಿಟ್ಟರು. ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ನಮ್ಮಲ್ಲೇ ನಡೆಯಿತು: ಐದು ಔಷಧಗಳ ಕ್ಯಾಪ್ಸೂಲನ್ನು ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಭಾರತ ಮತ್ತು ಯೂರೋಪಿನಲ್ಲಿ ನಡೆದ 2013ರ ಇನ್ನೊಂದು ಅಧ್ಯಯನದಲ್ಲಿ ಜೋಡಿ ಗುಳಿಗೆಯವರಲ್ಲಿ ಶೇ 86 ಮಂದಿ ಔಷಧ ಮುಂದುವರಿಸಿದ್ದರು, ಬಿಡಿ ಮಾತ್ರೆಯವರಲ್ಲಿ ಶೇ 65. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲಿಪಿಲ್ಲನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇವೆಲ್ಲ ಹೃದಯಾಘಾತ ತಡೆಯುವ ಗುಳಿಗೆಗಳು. ಆಸ್ಪಿರಿನ್, ಸ್ಟಾಟಿನ್, ಬಿಪಿ ಔಷಧ, ಡೋಸು ಆಗಾಗ ಬದಲಾಗದಂಥವು.

ಪಂಪಿಂಗ್ ಕಮ್ಮಿ ಇರುವವರದು ಬೇರೆ ಲೆಕ್ಕ. ಮೆಟೊಪ್ರೊಲಾಲ್ 25ರಿಂದ 50, 100, 200 ಎಂದು ಎರಡು ವಾರಕ್ಕೊಮ್ಮೆ ನಾಡಿ ನೋಡಿ ಏರಿಸಬೇಕು: ನಾಲ್ಕು ಅಳತೆ. ಸ್ಪೈರೊನೊಲ್ಯಾಕ್ಟೋನ್ 25, 50: ಎರಡು. ಡಾಪಾಗ್ಲಿಫ್ಲೋಜಿನ್ 10 ಮಾತ್ರ: ಒಂದು. ಈ ಮೂರನ್ನು ಸೇರಿಸಿದ ಗುಳಿಗೆಗೆ ಎಂಟು ಬಗೆ ಬೇಕು. ಸಕ್ಯುಬಿಟ್ರಿಲ್–ವಲ್ಸಾರ್ಟನ್‌ನ 50, 100, 200 ಸೇರಿದರೆ ಇಪ್ಪತ್ತನಾಲ್ಕು. ಮಳವಳ್ಳಿಯ ಯಾವ ಮೆಡಿಕಲ್ ಸ್ಟೋರು ಇಪ್ಪತ್ತನಾಲ್ಕು ಬಗೆ ಇಡುತ್ತದೆ? ಅಮೆರಿಕದ ಡಲ್ಲಾಸ್‌ನಲ್ಲಿ ಪರೀಕ್ಷೆ ಮಾಡಿದವರು ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಎಂಪಾಗ್ಲಿಫ್ಲೋಜಿನ್ ಮೂರನ್ನಷ್ಟೇ ಒಂದು ಕ್ಯಾಪ್ಸೂಲಿಗೆ ಹಾಕಿದರು, ಹಲವು ಅಳತೆಗಳಲ್ಲಿ. ದಿನಕ್ಕೆರಡು ಬಾರಿ ನುಂಗಬೇಕಾದ ಸಕ್ಯುಬಿಟ್ರಿಲ್ ಅದರಲ್ಲಿಲ್ಲ. ಉಚ್ಚೆ ಮಾತ್ರೆಯೂ ಇಲ್ಲ.

ಡೋಸು ಬೇಗ ಏರಿಸಿದಷ್ಟೂ ಲಾಭ ಎಂಬುದು 2022ರ ಸ್ಟ್ರಾಂಗ್–ಎಚ್‌ಎಫ್ ಅಧ್ಯಯನದಿಂದ ಖಚಿತವಾಗಿದೆ. ಆಸ್ಪತ್ರೆಯಿಂದ ಬಂದ ಎರಡು ವಾರದೊಳಗೆ ಪೂರ್ಣ ಡೋಸಿನತ್ತ ಒಯ್ದವರಲ್ಲಿ ಆರು ತಿಂಗಳೊಳಗೆ ಸಾವು ಅಥವಾ ಮತ್ತೆ ದಾಖಲಾತಿ ಶೇ 15.2, ಮಾಮೂಲಿ ರೀತಿಯಲ್ಲಿ ನಡೆದವರಲ್ಲಿ ಶೇ 23.3. ಹಾಗಾಗಿ ಮೊದಲ ಎರಡು ತಿಂಗಳು ಬಿಡಿ ಮಾತ್ರೆಗಳೇ ಇರಲಿ, ಡೋಸು ಒಂದು ಕಡೆ ನಿಂತ ಮೇಲೆ ಜೋಡಿಸುವ ಮಾತು.

ಜೋಡಿಸುವಾಗ ಯಾವುದರ ಜೊತೆ ಯಾವುದು? ಒಟ್ಟಿಗೆ ನಿಲ್ಲಿಸಬೇಕಾದವು ಒಟ್ಟಿಗಿರಲಿ ಅನ್ನುವುದು ಒಳ್ಳೆಯ ಸೂತ್ರ. ವಾಂತಿ–ಭೇದಿ ಹಿಡಿದು ಊಟ ಸೇರದ ದಿನ ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ಸ್ಪೈರೊನೊಲ್ಯಾಕ್ಟೋನ್, ಉಚ್ಚೆ ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ತಾತ್ಕಾಲಿಕವಾಗಿ ತಡೆಯಬೇಕಾಗುತ್ತದೆ. ಆಪರೇಷನ್ನಿಗೆ ಮೂರು ದಿನ ಮೊದಲೂ ಡಾಪಾಗ್ಲಿಫ್ಲೋಜಿನ್ ನಿಲ್ಲಬೇಕು. ಬೀಟಾ ಬ್ಲಾಕರನ್ನು ಮಾತ್ರ ಥಟ್ಟನೆ ನಿಲ್ಲಿಸುವಂತಿಲ್ಲ. ಇವೆರಡೂ ಒಂದೇ ಮಾತ್ರೆಯಲ್ಲಿದ್ದರೆ ಭೇದಿಯ ದಿನ ಏನು ಮಾಡುವುದು? ಡಾಪಾಗ್ಲಿಫ್ಲೋಜಿನ್ ಜೊತೆ ಮೆಟ್‌ಫಾರ್ಮಿನ್ ಇದ್ದರೆ ಈ ಪ್ರಶ್ನೆ ಇಲ್ಲ.

ಸ್ಟ್ರಿಪ್ಪಿನ ಬೆನ್ನಿನ ಸಣ್ಣ ಅಕ್ಷರ ಓದದೆ ಆಗುವ ಎಡವಟ್ಟುಗಳೇ ಬೇರೆ. ಹೆಸರಿನ ಕೊನೆಯ ಅಕ್ಷರವನ್ನು ನಂಬಬೇಡಿ. ‘ಡಿ’ ಅಂದರೆ ಗ್ಯಾಸಿನ ಮಾತ್ರೆಯಲ್ಲಿ ಡೊಂಪೆರಿಡೋನ್, ಶುಗರ್ ಮಾತ್ರೆಯಲ್ಲಿ ಡಾಪಾಗ್ಲಿಫ್ಲೋಜಿನ್. ‘ಎಂ’ ಒಂದು ಕಡೆ ಮೆಟ್‌ಫಾರ್ಮಿನ್, ಇನ್ನೊಂದು ಕಡೆ ಮೆಟೊಪ್ರೊಲಾಲ್. ಬಿಪಿಗೆ ಕೊಟ್ಟ ಹಳೆಯ ಟೆಲ್ಮಿಸಾರ್ಟನ್ ಜೋಡಿ ಮನೆಯಲ್ಲಿ ಮುಂದುವರಿದು, ಮೇಲೆ ಸಕ್ಯುಬಿಟ್ರಿಲ್–ವಲ್ಸಾರ್ಟನ್ ಬಂದರೆ ಒಂದೇ ಬಗೆಯ ಔಷಧ ಎರಡು ಸಲ ಒಳಗೆ ಹೋಗುತ್ತದೆ. ಎನಾಲಪ್ರಿಲ್ ಅಥವಾ ರಾಮಿಪ್ರಿಲ್ ಇದ್ದರಂತೂ ಅದನ್ನು ನಿಲ್ಲಿಸಿ 36 ಗಂಟೆ ಬಿಟ್ಟೇ ಸಕ್ಯುಬಿಟ್ರಿಲ್ ಶುರು ಮಾಡಬೇಕು, ಇಲ್ಲವಾದರೆ ತುಟಿ, ನಾಲಿಗೆ, ಗಂಟಲು ಊದಿ ಉಸಿರೇ ಕಟ್ಟಬಹುದು. ಗ್ಲಿಮೆಪಿರೈಡ್–ಮೆಟ್‌ಫಾರ್ಮಿನ್ ಜೊತೆ ಪಯೋಗ್ಲಿಟಜೋನ್ ಸೇರಿದ ಮೂರರ ಶುಗರ್ ಮಾತ್ರೆ ನಮ್ಮಲ್ಲಿ ಧಾರಾಳ. ಪಯೋಗ್ಲಿಟಜೋನ್ ದೇಹದಲ್ಲಿ ನೀರು ಹಿಡಿಯುತ್ತದೆ, ಪಂಪಿಂಗ್ ಕಮ್ಮಿ ಇದ್ದವರಿಗೆ ಸಲ್ಲದು. ಮಂಡಿ ನೋವಿಗೆ ಕೇಳಿ ತರುವ ಅಸಿಕ್ಲೋಫೆನಾಕ್–ಪ್ಯಾರಾಸಿಟಮಾಲ್ ಕೂಡ ಅದೇ ಕೆಲಸ ಮಾಡಿ, ಕಿಡ್ನಿಯನ್ನೂ ಕೆಣಕುತ್ತದೆ. ಕಾಲು ಊದಿದ್ದಕ್ಕೆ ಇನ್ನೊಂದು ಉಚ್ಚೆ ಮಾತ್ರೆ ಬರೆಸಿಕೊಳ್ಳುವ ಮೊದಲು ಕವರಿನಲ್ಲಿ ಇವು ಇವೆಯಾ ನೋಡಬೇಕು.

ಅರ್ಧ ಮಾಡುವ ವಿಷಯ ಚಿಕ್ಕದು. ಮೆಟೊಪ್ರೊಲಾಲ್ ಸಕ್ಸಿನೇಟ್ ನಡುವೆ ಗೀರಿದ್ದರೆ ಮುರಿಯಬಹುದು, ಪುಡಿ ಮಾಡಬಾರದು, ಅಗಿಯಬಾರದು. ಗೀರಿಲ್ಲದ, ಎರಡು ಬಣ್ಣದ ಪದರದ ಜೋಡಿ ಮಾತ್ರೆಯನ್ನು ಮುರಿಯಲೇಬೇಡಿ.

ದುಡ್ಡಿನ ಮಾತೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸ್ಟೆಂಟಿನ ಖರ್ಚು ನಡೆಯುತ್ತದೆ, ಆಮೇಲೆ ಅಂಗಡಿಯಲ್ಲಿ ಕೊಳ್ಳುವ ತಿಂಗಳ ಮಾತ್ರೆ ಜೇಬಿನಿಂದಲೇ. 2023ರ ಆರಂಭದಲ್ಲಿ ಸಕ್ಯುಬಿಟ್ರಿಲ್–ವಲ್ಸಾರ್ಟನ್‌ನ ಜನರಿಕ್‌ಗಳು ಬಂದವು; 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು, ಸುಮಾರು 60 ರೂಪಾಯಿಯ ಮಾತ್ರೆ ಹತ್ತರ ಆಸುಪಾಸಿಗೆ ಇಳಿಯಿತು. ಬಿಡಿ ಮಾತ್ರೆಗಳು ಹೀಗೆ ಅಗ್ಗವಾದಾಗ ಜೋಡಿ ಮಾತ್ರೆ ಯಾವಾಗಲೂ ಲಾಭವೇ ಎಂದು ಹೇಳಲಾಗದು. ಸ್ಟ್ರಿಪ್ಪಿನ ಬೆಲೆಯನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ, ಬಿಡಿಯಾಗಿ ಕೊಂಡರೆ ಎಷ್ಟು ಎಂದು ಕೂಡಿ ನೋಡಿ. ನಮ್ಮ ಪೇಟೆಯಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಿದರೂ ನಡೆಯುತ್ತದೆ ಅನ್ನುವ ರೂಢಿ ಇತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಂದೇ ಸಲಕ್ಕೆ 156 ಜೋಡಿ ಔಷಧಗಳನ್ನು ನಿಷೇಧಿಸಿದ್ದು ಅದಕ್ಕೇ.

ಮೇಲಿನ ಹನ್ನೊಂದಕ್ಕೆ ಮರಳೋಣ. ಆಸ್ಪಿರಿನ್–ಕ್ಲೋಪಿಡೋಗ್ರೆಲ್–ಅಟೋರ್ವಾಸ್ಟಾಟಿನ್ ಒಂದೇ ಕ್ಯಾಪ್ಸೂಲಿನಲ್ಲಿ ಸಿಗುತ್ತದೆ: ಎರಡು ಕಳೆಯಿತು. ಹೃದಯಾಘಾತಕ್ಕೆ ಸ್ಟೆಂಟ್ ಹಾಕಿಸಿಕೊಂಡು ಸಾಮಾನ್ಯವಾಗಿ ಒಂದು ವರ್ಷವಾದ ಮೇಲೆ ಕ್ಲೋಪಿಡೋಗ್ರೆಲ್ ಇನ್ನೂ ಬೇಕೋ ಬೇಡವೋ ಎಂದು ಡಾಕ್ಟರನ್ನು ಕೇಳಬೇಕು. ಕ್ಯಾಪ್ಸೂಲಿನ ಒಳಗಿದೆ ಎಂಬ ಕಾರಣಕ್ಕೆ ಅದು ವರ್ಷಾನುಗಟ್ಟಲೆ ಸುಮ್ಮನೆ ಮುಂದುವರಿಯುತ್ತದೆ. ಡಾಪಾಗ್ಲಿಫ್ಲೋಜಿನ್ 10 ಮತ್ತು ಮೆಟ್‌ಫಾರ್ಮಿನ್ 1000 ನಿಧಾನ ಬಿಡುಗಡೆಯ ಒಂದು ಮಾತ್ರೆ, ಮೂರರ ಬದಲು: ಇನ್ನೆರಡು ಕಳೆಯಿತು. ದಪ್ಪ ಮಾತ್ರೆ ಎಂದು ಗೊಣಗುತ್ತಾರೆ, ಮುರಿಯುವಂತಿಲ್ಲ, ನೀರು ಸ್ವಲ್ಪ ಹೆಚ್ಚು ಬೇಕು. ಜೋಡಿಯಲ್ಲಿ ಡಾಪಾಗ್ಲಿಫ್ಲೋಜಿನ್ 5 ಇದ್ದರೆ ಹೃದಯಕ್ಕೆ ಸಾಲದು, 10 ಎಂದೇ ನೋಡಿ ಕೊಳ್ಳಿ. ಈಗ ಏಳು. ಇನ್ನು ಟಾರ್ಸೆಮೈಡ್–ಸ್ಪೈರೊನೊಲ್ಯಾಕ್ಟೋನ್ ಜೋಡಿಯನ್ನು ಮುರಿದು ಎರಡು ಮಾಡಲು ಡಾಕ್ಟರನ್ನು ಕೇಳಬೇಕು. ಏಳು ಎಂಟಾಗುತ್ತದೆ. ಒಂದು ಹೆಚ್ಚಾಯಿತಲ್ಲ ಎಂದು ಮೊದಲು ಮುಖ ಸಿಂಡರಿಸುವವರು, ಬಸ್ಸಿನ ದಿನ ಆ ಒಂದನ್ನು ಮಧ್ಯಾಹ್ನ ಮನೆಗೆ ಬಂದು ಮೂರು ಗಂಟೆಗೆ ನುಂಗಬಹುದು, ಉಳಿದವು ಬೆಳಿಗ್ಗೆಯೇ ಹೋಗಲಿ ಎಂದರೆ ಒಪ್ಪುತ್ತಾರೆ. ಸಂಜೆ ಆರರ ಮೇಲೆ ಬೇಡ, ರಾತ್ರಿಯೆಲ್ಲ ಎದ್ದು ಓಡಾಡಬೇಕಾಗುತ್ತದೆ.